ಲೆಕ್ಕದ ಪುಸ್ತಕದ ಹಿಂಬದಿ

ನೊಶಿರೊದ ಹಿಮ ಕತ್ತಲಲ್ಲೇ ಬೀಳುತ್ತಿರುವಾಗ
ಅವನು ಏಳುತ್ತಾನೆ. ಮೂರೂವರೆ ಗಂಟೆ.
ನೆನೆಹಾಕಿದ ಸೋಯಾ ಕಾಳು ತೊಟ್ಟಿಯಲ್ಲಿ ಉಬ್ಬಿ ಕೂತಿದೆ,
ಇವನ ಹೊಟ್ಟೆ ಬೆನ್ನಿಗಂಟಿದೆ.
ನಲವತ್ತೊಂದು ವರ್ಷ ಬೀದಿಗೆಲ್ಲ ತೋಫು ಮಾಡಿಕೊಟ್ಟ ತೊಕುಜಿಯ
ಜಠರವನ್ನು ಆಗಸ್ಟಿನಲ್ಲಿ ಪೂರ್ತಿ ತೆಗೆದರು.

ಈಗ ಲೆಕ್ಕದ ಪುಸ್ತಕಕ್ಕೆ ಎರಡು ಮುಖ.
ಮುಂದಿನಿಂದ: ಕಾಳು ಎಷ್ಟು ಮೂಟೆ, ಯಾರ ಬಾಕಿ ಎಷ್ಟು.
ಹಿಂದಿನಿಂದ, ನನ್ನ ಅಕ್ಷರದಲ್ಲಿ:
ಆರು ಗಂಟೆ, ಅರ್ಧ ಮೊಟ್ಟೆ, ಮೂರು ಗ್ರಾಂ.
ಎಂಟೂವರೆ, ಬಂಗುಡೆ, ಚರ್ಮ ಬಿಡಿಸಿದ್ದು, ಎರಡು ತುಣುಕು, ಐದು.
ಹತ್ತೂಕಾಲು, ತೋಫು, ಬೆಂಕಿಪೊಟ್ಟಣದಷ್ಟು,
ಮುಖ ತಿರುಗಿಸಿದ, ಸೊನ್ನೆ.

ದಿನಕ್ಕೆ ಅರವತ್ತು ಮುಟ್ಟಬೇಕಂತೆ.
ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಒರಿಹಾರಾ, ಇಪ್ಪತ್ತಾರರ ಹುಡುಗಿ,
ಅವನ ಕೈಗೊಂದು ಹಿಡಿಕೆ ಕೊಟ್ಟು ಹಿಸುಕಿ ಅಂದಳು.
ಮುಳ್ಳು ಹತ್ತೊಂಬತ್ತಕ್ಕೆ ನಿಂತಿತು.
ಒತ್ತುಕಲ್ಲು ಎತ್ತಿದ ಕೈ ಅದು.
"ಹೊರಗಿನಿಂದ ಸಿಗದಿದ್ದರೆ ಮೈ ತನ್ನ ತೋಳನ್ನೇ ತಿನ್ನುತ್ತದೆ" ಎಂದಳು.
ಬಸ್ಸಿನಲ್ಲಿ ವಾಪಸು ಬರುವಾಗ ಅವನು ತನ್ನ ತೋಳನ್ನು
ತಲೆತಪ್ಪಿಸಿಕೊಂಡ ಸಾಲಗಾರ ಸಿಕ್ಕಂತೆ ನೋಡುತ್ತಿದ್ದ.

ಹೊಟ್ಟೆಯೇ ಇಲ್ಲದವನಿಗೂ ಹೊಟ್ಟೆಪಾಡು ತಪ್ಪಲಿಲ್ಲ.
ಹೊಟ್ಟೆಕಿಚ್ಚೂ ಆರಿಲ್ಲ ನೋಡಿ, ಎದುರಿನ ಸೂಪರ್‌ಮಾರ್ಕೆಟ್ಟಿನ
ಪ್ಲಾಸ್ಟಿಕ್ ಡಬ್ಬಿಯ ತೋಫು ಕಂಡರೆ ಈಗಲೂ ಉರಿಯುತ್ತಾನೆ,
ಯಾವ ಒಲೆಯಲ್ಲೋ.

ಅವಸರದಲ್ಲಿ ನುಂಗಿದರೆ ಬೆವರು, ಎದೆ ಡವಡವ,
ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ನೆಲ ಹಿಡಿಯುತ್ತಾನೆ.
ಅದಕ್ಕೇ ತುತ್ತಿಗೆ ಮೂವತ್ತು ಸಲ ಅಗಿಯಬೇಕು.
ಇನ್ನು ಬಾಯಿಯೇ ಬೀಸುಕಲ್ಲು.
ನಾನು ಎಣಿಸುತ್ತೇನೆ. ಹದಿನೇಳಕ್ಕೆ ಲೆಕ್ಕ ತಪ್ಪಿ
ಮತ್ತೆ ಒಂದರಿಂದ ಹಿಡಿದರೆ
ತುಂಬಿದ ಬಾಯಲ್ಲೇ ಬೈಯುತ್ತಾನೆ.

ತಾನು ಮಾಡಿದ್ದನ್ನು ತಾನು ಎಂದೂ ತಿಂದವನಲ್ಲ.
ಬೆರಳ ತುದಿಯಲ್ಲಿ ಒತ್ತಿ, ಗಟ್ಟಿ ಇದೆ, ಅಷ್ಟೇ.

ಫೆಬ್ರವರಿಯ ಒಂದು ಬೆಳಿಗ್ಗೆ, ಇಪ್ಪತ್ತಮೂರಕ್ಕೆ,
ದವಡೆ ನಿಂತಿತು.
"ಕಹಿ" ಅಂದ.
ಔಷಧಿ ತಿಂದ ಬಾಯಿ, ಅಂದೆ ನಾನು.
"ಅಲ್ಲ. ಹಾಲು ಒಡೆಸುವ ಕಡಲುಪ್ಪಿನ ನೀರು ಹೆಚ್ಚಾಗಿದೆ.
ಕೊನೆಯಲ್ಲಿ ಬರುತ್ತದೆ, ನಾಲಗೆಯ ಬುಡಕ್ಕೆ.
ನಲವತ್ತೊಂದು ವರ್ಷ! ಒಬ್ಬರೂ ಹೇಳಲಿಲ್ಲವಲ್ಲ."
ಯಾರು ಹೇಳಬೇಕು? ಮೂವತ್ತು ಸಲ ಅಗಿದವರು ಯಾರಿದ್ದರು?

ನನಗೆ ಗೊತ್ತಿತ್ತು.
ಮದುವೆಯಾದ ವಾರವೇ ಗೊತ್ತಾಗಿತ್ತು.
ಹೊಟ್ಟೆಗೆ ಹಾಕಿಕೊಂಡಿದ್ದೆ.

ಮರುದಿನ ಅವನು ಅಳತೆಯ ಸೌಟನ್ನು
ಅರ್ಧಕ್ಕೆ ಬಾಗಿಸಿ ಸುರಿದ. ನಾನು ಮಾತಾಡಲಿಲ್ಲ.
ಒಂಬತ್ತಕ್ಕೆ ಮಿತ್ಸುಯೊ ಅಜ್ಜಿ ತಿರುಗಿ ಬಂದರು,
ಕೊಡೆಯ ಮೇಲಿನ ಹಿಮವನ್ನೂ ಕೊಡವದೆ:
"ಇದೇನು, ಮನೆ ಮುಟ್ಟುವ ಮೊದಲೇ ಪುಡಿಪುಡಿ!"
ಅವನು ತಲೆ ಬಾಗಿಸಿ ದುಡ್ಡು ಹಿಂದಿರುಗಿಸಿದ,
ಒಡೆದದ್ದನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಕೂತ.

ಪುಸ್ತಕದ ಮುಂದೆ: ಮಿತ್ಸುಯೊ, ಒಂದು ತುಂಡು, ವಾಪಸು.
ಹಿಂದೆ: ಹತ್ತೂಕಾಲು, ತೋಫು, ನಾಲ್ಕು.
ಪೆನ್ನು ಮುಚ್ಚುವಷ್ಟರಲ್ಲಿ ಬಟ್ಟಲು ಮತ್ತೆ ಮುಂದೆ ಬಂತು.
ನಾಲ್ಕರ ಪಕ್ಕ ಇನ್ನೊಂದು ನಾಲ್ಕು.