ಹಸಿ ಬಟ್ಟೆಯ ಲೆಕ್ಕ

ಜೆಪ್ಪುವಿನ ತಿರುವಿನಲ್ಲಿ ಲೋಲಾಕ್ಷಿಯ ಇಸ್ತ್ರಿ ಗೂಡು.
ಮೇ ತಿಂಗಳಲ್ಲಿ ಗಿರಾಕಿ ಕಡಿಮೆ:
"ಇಸ್ತ್ರಿ ಹಾಕಿ ಎಂತ ಮಾಡುದು ಮಾರಾಯ್ತಿ,
ಬಸ್‌ಸ್ಟಾಪಿಗೆ ಮುಟ್ಟುವಾಗ ಬೆನ್ನಿಗೆ ಅಂಟಿರ್ತದೆ."

ಆಟಿಯಲ್ಲಿ ಬಟ್ಟೆ ಬರುವುದು ಸುಕ್ಕು ಬಿಡಿಸಲಿಕ್ಕಲ್ಲ,
ಒಣಗಿಸಲಿಕ್ಕೆ.
ಮೂರು ದಿನ ಫ್ಯಾನಿನಡಿ ನೇತು
ಮುಗ್ಗಲು ಹಿಡಿದ ಲಂಗ, ಪ್ಯಾಂಟು, ಪಾದ್ರಿಯವರ ನಿಲುವಂಗಿ.
ಗೆರಟೆ ಕೆಂಡದ ಪೆಟ್ಟಿಗೆ ಒತ್ತಿದರೆ
ಚುಂಯ್—
ಗೂಡಿನೊಳಗೆ ಇನ್ನೊಂದು ಮೋಡ.

ಯಾರ ಮನೆಯಲ್ಲಿ ಎಷ್ಟು ಅಂಗಿ ಎಂಬುದು
ಬೇಸಗೆಯಲ್ಲಿ ಗುಟ್ಟು.
ಮಳೆ ಬಂದರೆ ಲೋಲಾಕ್ಷಿಗೆ ಗೊತ್ತಾಗುತ್ತದೆ.
ಆ ನೀಲಿ ಯೂನಿಫಾರ್ಮು, ಎಡತೋಳಿಗೆ ಹೊಲಿಗೆ,
ದಿನಾ ಏಳು ಗಂಟೆಗೆ ಹಸಿಯಾಗಿಯೇ ಬರುತ್ತದೆ;
ಅದರ ಒಡೆಯ, ಐದನೇ ಕ್ಲಾಸಿನ ಗ್ಲೆನಿಶ್,
ಬೈರಾಸು ಹೊದ್ದು ಗೂಡಿನ ಹಿಂದೆ ಮಗ್ಗಿ ಹೇಳುತ್ತಾನೆ.
ಹದಿಮೂರ ಹತ್ತಲೆ ನೂರಮೂವತ್ತು ಆಗುವಾಗ
ಕಾಲರು ಒಣಗಿರಬೇಕು.
ಕಂಕುಳು ಒಣಗುವುದಿಲ್ಲ.
"ಮೈಬಿಸಿಗೆ ಒಣಗ್ತದೆ, ಓಡು."

ನಿನ್ನೆ ಮಧ್ಯಾಹ್ನ ಹತ್ತು ನಿಮಿಷ ಬಿಸಿಲು.
ಕಂಪೌಂಡು ಗೋಡೆ, ಸ್ಕೂಟರಿನ ಸೀಟು, ಕ್ರೋಟನ್ ಗಿಡ,
ಬೀದಿಗೆ ಬೀದಿಯೇ ಬಟ್ಟೆ.
ಲೋಲಾಕ್ಷಿಯೂ ಕೆಂಡ ಬಿಟ್ಟು ಓಡಿದಳು
ತನ್ನ ದಿಂಬು ಹಿಡಿದುಕೊಂಡು.