ಲಕ್ಷದ ಮೂರು

ಸಕ್ರೆಬೈಲು ದಾಟುವಾಗ ವ್ಯಾನಿನ ಮೀಟರು
ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂದು.
ಹಿಂದೆ ಮೊಟ್ಟೆ, ಪಕ್ಕದಲ್ಲಿ ಹಾಲೇಶ, ಅರ್ಧ ನಿದ್ದೆ.
‘ಇದು ಒಡೆಯೋದಿಲ್ಲ ಕಣೋ’ ಅಂದೆ.
ಅವನು ಗಾಬರಿಬಿದ್ದು ಟ್ರೇಗಳ ಕಡೆ ತಿರುಗಿದ.

ಫಿಲೋಮಿನಾ ಟೀಚರು ಬಸ್ ಟಿಕೆಟಿನ ನಂಬರನ್ನೂ ಬಿಟ್ಟವರಲ್ಲ.
ಬೋರ್ಡಿಗೆ ಬರೆದು, ಚಾಕ್‌ಪೀಸಿನಲ್ಲಿ ಕುಟ್ಟಿ,
‘ಒಡಿ ನೋಡೋಣ, ಜಬೀವುಲ್ಲಾ’ ಅನ್ನುವರು,
ತೆಂಗಿನಕಾಯಿ ಕೈಗೆ ಕೊಟ್ಟ ಹಾಗೆ.
ಎರಡು, ಮೂರು, ಐದು, ಏಳು,
ಯಾವುದಕ್ಕೂ ಬಗ್ಗದೆ ಉಳಿದದ್ದಕ್ಕೆ ಅವಿಭಾಜ್ಯ ಅಂತ ಹೆಸರು.
ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೆ.
ಚಟ ನನ್ನ ಬಿಡಲಿಲ್ಲ.

ತೊಂಬತ್ತೆರಡು ಸಮ, ಅದರ ಮಾತೇ ಬೇಡ.
ತೊಂಬತ್ತಮೂರನ್ನು ಮೂರು ಬಿಚ್ಚಿತು; ಒಳಗಿತ್ತು
ನಾಲ್ಕು ಮೂರುಗಳ ಬಾಲಕ್ಕೆ ಕಟ್ಟಿದ ಒಂದು ಒಂದು,
ಅದನ್ನು ಮತ್ತೆ ಬಿಚ್ಚುವ ಕೈ ಹುಟ್ಟಿಲ್ಲ.
ತಿರುವಿನಲ್ಲಿ ಎದುರಿಗೆ ಲಾರಿ ಬಂತು, ಎರಡು ನಂಬರು ನೋಡಲಾಗಲಿಲ್ಲ.
ತೊಂಬತ್ತೇಳು ಗಟ್ಟಿಗನ ಹಾಗೆ ಕೂತಿತ್ತು,
ಹತ್ತೊಂಬತ್ತರಿಂದ ಎರಡು ಸಲ ಹೊಡೆದ ಮೇಲೆ ಬಾಯಿ ಬಿಟ್ಟಿತು.

ಆಮೇಲೆ ಅಂಕಿಗಳೆಲ್ಲ ಒಟ್ಟಿಗೆ ಉರುಳಿ
ಒಂದು ಲಕ್ಷ!
ಹಾಲೇಶ ಎದ್ದು ಕೂತು ಚಪ್ಪಾಳೆ ತಟ್ಟಿದ,
‘ಅಣ್ಣ, ಸ್ವೀಟು’ ಅಂದ.
ಲಕ್ಷದಲ್ಲೇನಿದೆ ಮಾರಾಯ,
ಐದು ಎರಡು, ಐದು ಐದು, ಅಷ್ಟೆ;
ಸಡಿಲ ಗಂಟಿನ ಮೂಟೆ, ಯಾರೆಳೆದರೂ ಬಿಚ್ಚುತ್ತದೆ.
ಲಕ್ಷದ ಒಂದು ಹನ್ನೊಂದರ ಕೈಗೆ ಸಿಕ್ಕಿತು.
ಲಕ್ಷದ ಎರಡರ ಬಾಗಿಲು
ಎರಡೂ ಮೂರೂ ಏಳೂ ಒಟ್ಟಿಗೆ ತಟ್ಟಿದವು.

ಲಕ್ಷದ ಮೂರು.
ಬದಿಗೆ ಹಾಕಿ ಇಂಜಿನ್ ಆರಿಸಿದೆ.
ಕೆಳಗೆ ತುಂಗೆ, ಮಂಡಗದ್ದೆಯ ಕಡೆ ಹೊರಟ ನಾಲ್ಕು ಕೊಕ್ಕರೆ.
ಇದಕ್ಕಾಗಿ ಒಂದು ವಾರ, ಹಳೇ ಬಿಲ್ಲುಗಳ ಬೆನ್ನಿಗೆ
ಅರವತ್ತೈದು ಭಾಗಾಕಾರ ಮಾಡಿದ್ದೆ,
ಎರಡರಿಂದ ಮುನ್ನೂರ ಹದಿಮೂರರವರೆಗೆ.
ಅರವತ್ತೈದು ಸಲವೂ ಏನೋ ಒಂದು ಶೇಷ.
ಇಷ್ಟು ಮೊಟ್ಟೆ ಕೊಟ್ಟರೆ ಯಾವ ಟ್ರೇಯಲ್ಲೂ ಸರಿಯಾಗಿ ಕೂರವು,
ಸಾಲಿಗೆ ಸಮ ಸಾಲು ಆಗವು;
ರಸ್ತೆಯುದ್ದ ಒಂದೇ ಸಾಲಲ್ಲಿ ಇಡಬೇಕು,
ನಾಲ್ಕು ಕಿಲೋಮೀಟರಿಗೂ ಮಿಕ್ಕಿ,
ಪಕ್ಕಕ್ಕೊಂದು, ಪಕ್ಕಕ್ಕೊಂದು.

‘ಪಂಕ್ಚರಾ?’ ಅಂದ ಹಾಲೇಶ.
ಅಲ್ಲ ಅಂದೆ.
‘ಮತ್ತೆ?’
ಮತ್ತೆ ಏನು ಹೇಳಲಿ.
ಅವನು ಇಳಿದು ಮರದ ಮರೆಗೆ ಹೋಗಿಬಂದ.
ನಾನು ಗೇರು ಹಾಕಿದೆ, ಮುಂದಿನದು ನಾಲ್ಕು, ಸಮ.

ಸೀಬಿನಕೆರೆಯ ಅಂಗಡಿಗೆ ಹನ್ನೆರಡು ಟ್ರೇ ಇಳಿಸಿದೆವು.
ಮುನ್ನೂರ ಅರವತ್ತು: ಅದು ಎಲ್ಲರ ನೆಂಟ,
ಇಪ್ಪತ್ತನಾಲ್ಕು ಸಂಖ್ಯೆಗಳಿಗೆ ಮಣಿಯುತ್ತದೆ.
ದೇವಿದಾಸ ಪೈಗಳು ಒಂದನ್ನೆತ್ತಿ ಬೆಳಕಿಗೆ ಹಿಡಿದರು,
‘ಇದು ಬಿರುಕು’ ಅಂದು, ಪೆನ್ನಿನಿಂದ ಅರವತ್ತು ಹೊಡೆದು
ಮುನ್ನೂರ ಐವತ್ತೊಂಬತ್ತು ಅಂತ ಬರೆದರು.

ಹದಿನೇಳರವರೆಗೆ ನೋಡಿದರೆ ಸಾಕು.
ಎರಡು, ಮೂರು, ಐದು, ಏಳು, ಹನ್ನೊಂದು…

‘ನಷ್ಟ ನಿಂದು, ನಗು ಯಾಕೆ?’ ಅಂದರು ಪೈಗಳು.