ಹೊಟ್ಟೆಯಡಿಯ ತಗಡು

ಚಳ್ಳಕೆರೆ ಗೇಟಿನ ಶೆಡ್ಡಿನಲ್ಲಿ ದಸ್ತಗೀರ್ ಸಾಬರು
ಎರಡು ತಗಡು ಒರಗಿಸಿಟ್ಟು ಗೆಣ್ಣಿನಿಂದ ತಟ್ಟಿದರು.
ಅಲ್ಯೂಮಿನಿಯಂ, ಚಮಚದ ಸದ್ದು. ಹಗುರ, ದುಬಾರಿ.
ಉಕ್ಕು, ಅಪರಾತ್ರಿ ಯಾರೋ ಕದ ಬಡಿದಂತೆ.

‘ಯಾವ ದಾರಿ?’
ಜೋಗಿಮಟ್ಟಿ ಹಿಂದುಗಡೆ,
ಗಾಳಿಫ್ಯಾನು ರಿಪೇರಿಯವರನ್ನು ದಿನಾ ಹತ್ತಿಸಿ ಇಳಿಸ್ತೀನಿ ಅಂದೆ.
ಸಾಲದೆಂಬಂತೆ ಗೋಣಿಚೀಲ ಹಾಸಿ ಜೀಪಿನಡಿ ಸರಿದರು.

ನಾನೂ ಮಲಗಿದೆ.
ಹನ್ನೊಂದು ವರ್ಷ ಓಡಿಸಿದವನು
ಅದರ ಹೊಟ್ಟೆ ನೋಡಿದ್ದು ಅವತ್ತೇ.

‘ಈ ತಗ್ಗು ಹಳ್ಳದ ಗುಂಡುಕಲ್ಲು.
ಈ ಗೀರು ಬೋಳುಬಂಡೆ, ಇಳಿಯುವಾಗ. ಅವಸರದಲ್ಲಿದ್ದಿ.’

ಇದ್ದೆ.
ಹಿಂದಿನ ಸೀಟಿನಲ್ಲಿ ಪಾಲಯ್ಯ,
ಕೈಗೆ ಸುತ್ತಿದ ಟವೆಲ್ಲು ಒದ್ದೆಯಾಗಿ ಕೆಂಪಗೆ,
ಹಲ್ಲು ಕಚ್ಚಿಕೊಂಡು ‘ನಿಧಾನ ಮಾರಾಯ’ ಅನ್ನುತ್ತಿದ್ದ.
ಸಾಬರಿಗೆ ಹೇಳಲಿಲ್ಲ.

‘ಅಲ್ಯೂಮಿನಿಯಂ ಕಲ್ಲನ್ನ ಕಚ್ಚಿಕೊಳ್ಳುತ್ತೆ,
ಉಕ್ಕು ಜಾರಿಹೋಗುತ್ತೆ.
ಬಗ್ಗಿದರೆ ಸುತ್ತಿಗೆ ಇದೆಯಲ್ಲ.
ಮೂವತ್ತು ಕೆಜಿ ಮಾತ್ರ ದಿನಾ ಹೊರಬೇಕು.’

ಹೊರಲಿ ಅಂದೆ.

ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದು ಕೊರೆದರು,
ಆಯಿಲ್ ಇಳಿಸೋಕೆ.
ಪೂರ್ತಿ ಮುಚ್ಚಿದರೆ ಒಳಗೇ ಕೊಳೆಯುತ್ತಂತೆ.

ಕೊನೆಯ ಬೋಲ್ಟು ನನ್ನ ಕೈಗೆ ಕೊಟ್ಟು ಚಹಾಕ್ಕೆ ಎದ್ದರು.
ಬಿಗಿಯುವ ಮುಂಚೆ ಸಂದಿಯಲ್ಲಿ ಬೆರಳು ತೂರಿಸಿ
ಆ ಗೀರನ್ನು ಹುಡುಕಿದೆ.
ಸಿಕ್ಕಿತೋ ಇಲ್ಲವೋ,
ಕೈಗಂತೂ ಆಯಿಲ್ ಹತ್ತಿತು.